ಇಕ್ಕೇರಿಯ ಅಳತೆ

ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ಸಾಗರ ಪೇಟೆಯಿಂದ ದಕ್ಷಿಣಕ್ಕೆ ಸುಮಾರು 6 ಕಿಲೋಮೀಟರ್ ದೂರದಲ್ಲಿದೆ. ಕೆಳದಿಯ ನಾಯಕ ಅರಸರು 16ನೇ ಶತಮಾನದಲ್ಲಿ ಕಟ್ಟಿಸಿದ ಕಣಶಿಲೆಯ ಗುಡಿ ಇದು. ಶಿವಮೊಗ್ಗ–ತಾಳಗುಪ್ಪ ರೈಲಿನಲ್ಲಿ ಬಂದವರು ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿದು, ಪೇಟೆ ದಾಟಿ, ಅಡಿಕೆ ತೋಟಗಳ ನಡುವೆ ಸಾಗುವ ರಸ್ತೆ ಹಿಡಿಯಬೇಕು. ಬಹುತೇಕ ಪ್ರವಾಸಿಗಳು ಜೋಗಕ್ಕೆ ಹೋಗುವ ಅವಸರದಲ್ಲಿ ಇದಕ್ಕೆ ಅರ್ಧ ಗಂಟೆ ಕೊಡುತ್ತಾರೆ. ಅಷ್ಟು ಹೊತ್ತಿನಲ್ಲಿ ಹೊರಗೋಡೆಯ ಕೆತ್ತನೆಯನ್ನು ಒಂದು ಸುತ್ತು ನೋಡಬಹುದು, ಅಷ್ಟೆ. ಈ ಗುಡಿಯಲ್ಲಿ ನಿಜಕ್ಕೂ ನೋಡಬೇಕಾದ್ದು ಗೋಡೆಯಲ್ಲಿಲ್ಲ, ಶಿಖರದಲ್ಲೂ ಇಲ್ಲ, ನೆಲದಲ್ಲಿದೆ.

ದೊಡ್ಡ ಕಲ್ಲಿನ ದೇವಾಲಯ ಎಂದೊಡನೆ ಜಗತ್ತಿನ ಪ್ರವಾಸ ಸಾಹಿತ್ಯಕ್ಕೆ ಮೊದಲು ನೆನಪಾಗುವುದು ಯುರೋಪಿನ ಗಾಥಿಕ್ ಕೆಥೆಡ್ರಲ್. ಒಳಗೆ ಕಾಲಿಟ್ಟ ಕ್ಷಣಕ್ಕೇ ಕತ್ತು ತಾನಾಗಿ ಮೇಲೇಳುತ್ತದೆ ಎಂದು ಬರೆಯದ ಯಾತ್ರಿಕ ಇಲ್ಲವೇ ಇಲ್ಲ ಎನ್ನಬೇಕು. ಅದು ಬರೀ ಭಕ್ತಿಯ ಮಾತಲ್ಲ, ಕಟ್ಟಡದ ಯುಕ್ತಿಯೇ ಹಾಗಿದೆ. ಪ್ಯಾರಿಸ್ ಹತ್ತಿರದ ಸಾನ್ ದೆನಿಯಲ್ಲಿ 1140ರ ದಶಕದಲ್ಲಿ ಮಠಾಧಿಪತಿ ಸುಜೆ ಕಟ್ಟಿಸಿದ ಗಾಯನಶಾಲೆಯಿಂದ, ಎಂದರೆ ಚರ್ಚಿನ ಪೂಜಾವೇದಿಯ ಕಡೆಯ ಭಾಗದಿಂದ, ಆ ಯುಕ್ತಿ ಒಂದು ಪದ್ಧತಿಯಾಗಿ ಬೆಳೆಯಿತು. ಮೊನಚು ಕಮಾನು ಛಾವಣಿಯ ಭಾರವನ್ನು ನಾಲ್ಕು ಮೂಲೆಗಳ ಕಂಬಗಳಿಗೆ ಇಳಿಸುತ್ತದೆ. ಹೊರಕ್ಕೆ ಒದೆಯುವ ಬಲವನ್ನು ಗೋಡೆಯಾಚೆ ನಿಂತ ಆನಿಕೆಗಳು ಹಿಡಿದುಕೊಳ್ಳುತ್ತವೆ. ಗೋಡೆಗೆ ಹೊರುವ ಕೆಲಸವೇ ಇಲ್ಲವಾದ್ದರಿಂದ ಅದನ್ನು ತೆರೆದು ಬಣ್ಣದ ಗಾಜು ಕೂರಿಸಬಹುದು. ಎತ್ತರದ ಹುಚ್ಚು ಎಲ್ಲಿಯವರೆಗೆ ಹೋಯಿತೆಂದರೆ, ಫ್ರಾನ್ಸಿನ ಬೋವೆಯಲ್ಲಿ 48 ಮೀಟರ್ ಎತ್ತರಕ್ಕೆ ಏರಿಸಿದ ಗಾಯನಶಾಲೆಯ ಛಾವಣಿ 1284ರಲ್ಲಿ ಕುಸಿದುಬಿತ್ತು.

ಕನ್ನಡನಾಡಿನಲ್ಲಿ ಆ ಶೈಲಿಯನ್ನು ದೊಡ್ಡ ಪ್ರಮಾಣದಲ್ಲಿ ನೋಡಬೇಕೆಂದರೆ ಮೈಸೂರಿಗೆ ಹೋಗಬೇಕು. ಅಲ್ಲಿನ ಸಂತ ಫಿಲೋಮಿನಾ ಚರ್ಚಿಗೆ ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಅಡಿಗಲ್ಲಿಟ್ಟರು. ಜರ್ಮನಿಯ ಕಲೋನ್ ಕೆಥೆಡ್ರಲ್ ಅದಕ್ಕೆ ಮಾದರಿ, ಅವಳಿ ಗೋಪುರಗಳ ಎತ್ತರ 175 ಅಡಿ. ಮಾದರಿಯಾದ ಕಲೋನಿನ ಕಥೆ ಇಕ್ಕೇರಿಗೂ ಒಂದು ಬಗೆಯಲ್ಲಿ ತಾಗುತ್ತದೆ. 1248ರಲ್ಲಿ ಶುರುವಾದ ಆ ಕೆಲಸ 1560ರ ಹೊತ್ತಿಗೆ ದುಡ್ಡಿಲ್ಲದೆ ನಿಂತೇಹೋಯಿತು. ಅರ್ಧಕ್ಕೆ ಬಿಟ್ಟ ಗೋಪುರದ ತಲೆಯ ಮೇಲೆ ಕಲ್ಲೆತ್ತುವ ಮರದ ಕ್ರೇನು ಶತಮಾನಗಟ್ಟಲೆ ಹಾಗೆಯೇ ಉಳಿಯಿತು. ಎಲ್ಲ ಮುಗಿದದ್ದು 1880ರಲ್ಲಿ. ಕಲೋನಿನಲ್ಲಿ ಉಳಿ ಸುತ್ತಿಗೆ ಸುಮ್ಮನಾದ ಆ ಶತಮಾನದಲ್ಲೇ ಸಾಗರದ ಸೀಮೆಯಲ್ಲಿ ಕಲ್ಲುಕುಟಿಗರ ಕೈ ತುಂಬ ಕೆಲಸವಿತ್ತು.

ಇಕ್ಕೇರಿಯವರು ಎತ್ತರದ ಗೋಜಿಗೆ ಹೋಗಲಿಲ್ಲ. ಮಲೆನಾಡಿನ ಮಳೆಗೆ ಎತ್ತರಕ್ಕಿಂತ ಅಗಲ ಮುಖ್ಯ, ಕಿಟಕಿಗಿಂತ ಸೂರು ಮುಖ್ಯ. ಉತ್ತರಕ್ಕೆ ಮುಖ ಮಾಡಿದ ಗುಡಿಯ ಮಂಟಪ ವಿಶಾಲವಾಗಿ ಹರಡಿಕೊಂಡಿದೆ. ಅದರ ಸುತ್ತ ದಪ್ಪ ಕಲ್ಲಿನ ಇಳಿಜಾರು ಸೂರು ಹೊರಚಾಚಿದೆ. ಜಾಲಂಧ್ರಗಳಿಂದ ಬರುವ ಬೆಳಕು ಲೆಕ್ಕಕ್ಕಷ್ಟೆ. ಹೊರಗಿನ ಬಿಸಿಲಿನಿಂದ ಒಳಗೆ ಬಂದವರ ಕಣ್ಣಿಗೆ ಕೆಲವು ನಿಮಿಷ ಏನೂ ಕಾಣುವುದಿಲ್ಲ. ಕತ್ತಲೆ ಪಳಗಿದ ಮೇಲೆ ಕಂಬ, ತೊಲೆ, ನೆಲ ಒಂದೊಂದಾಗಿ ಮೂಡುತ್ತವೆ. ಕೆಥೆಡ್ರಲ್ ತನ್ನದೆಲ್ಲವನ್ನೂ ಮೊದಲ ನೋಟಕ್ಕೇ ಕೊಟ್ಟುಬಿಡುತ್ತದೆ. ಇಕ್ಕೇರಿ ಕಾಯಿಸುತ್ತದೆ.

ಶೈಲಿಯ ವಿಚಾರಕ್ಕೆ ಬಂದರೆ ಇದು ಬೆರಕೆಯ ಕಟ್ಟಡ. ಕೆಳದಿಯವರು ವಿಜಯನಗರದ ಅಧೀನರಾಗಿ ಬೆಳೆದವರು, ಹೊಯ್ಸಳರ ಕೆಲಸವನ್ನು ನೆರೆಯಲ್ಲೇ ಕಂಡವರು, ಬಿಜಾಪುರದೊಂದಿಗೆ ಕಾದಾಡಿದವರು. ಮೂರೂ ಕಡೆಯ ಗುರುತು ಗುಡಿಯ ಮೈಮೇಲಿದೆ. ಗುಡಿಯ ಎದುರಿಗೆ ಬೇರೆಯಾಗಿ ನಿಂತ ನಂದಿಮಂಟಪದಲ್ಲಿ ಬಿಜಾಪುರದ ಗಾಳಿ ಹೆಚ್ಚು ಸ್ಪಷ್ಟ. ಅದಕ್ಕೆ ಚಿಕ್ಕವೂ ದೊಡ್ಡವೂ ಸೇರಿ ಏಳು ಕಮಾನುಗಳು, ಒಳಗೆ ಮಂಟಪಕ್ಕೇ ಇಕ್ಕಟ್ಟು ಎನ್ನಿಸುವಷ್ಟು ಭಾರಿ ನಂದಿ. ಕಮಾನನ್ನು ಯುರೋಪಿನವರು ಛಾವಣಿ ಹೊರಿಸಲು ದುಡಿಸಿಕೊಂಡರು. ಇಲ್ಲಿನವರಿಗೆ ಅದು ನಂದಿಯನ್ನು ಎಲ್ಲ ದಿಕ್ಕಿನಿಂದ ನೋಡಲು ಮಾಡಿಕೊಂಡ ಚೌಕಟ್ಟು. ದೇವರ ಮನೆಯ ಒಳಗಿನ ಭಾರ ಹೊರುವುದಕ್ಕೆ ಅವರು ನಂಬಿದ್ದು ಹಳೆಯ ಕಂಬ-ತೊಲೆಯನ್ನೇ. ಅದು ಇಳಿಜಾರಿನಲ್ಲಿ ಒದೆಯುವುದಿಲ್ಲ, ನೆಟ್ಟಗೆ ಕೆಳಕ್ಕೆ ಒತ್ತುತ್ತದೆ. ಆನಿಕೆ ಬೇಕಿಲ್ಲ, ಕುಸಿಯುವ ಭಯ ಕಡಿಮೆ. ಆದರೆ ಎರಡು ಕಂಬಗಳ ನಡುವೆ ಎಷ್ಟು ಜಾಗ ಬಿಡಬಹುದು ಎಂಬುದು ಸಿಕ್ಕುವ ಕಲ್ಲಿನ ಉದ್ದಕ್ಕೂ ಅದರ ತಾಳಿಕೆಗೂ ಬಿಟ್ಟ ಮಾತು. ತೊಲೆ ಉದ್ದವಾದಷ್ಟೂ ಅದರ ಅಡಿಮೈ ಎಳೆತಕ್ಕೆ ಸಿಕ್ಕುತ್ತದೆ, ಕಲ್ಲು ಎಳೆತವನ್ನು ಸಹಿಸುವುದಿಲ್ಲ. ಆದ್ದರಿಂದ ಇಂಥ ಗುಡಿಯಲ್ಲಿ ಕಟ್ಟಿದವರ ಎದೆಗಾರಿಕೆಯನ್ನು ಎತ್ತರದಿಂದ ಅಳೆಯಬಾರದು, ಕಂಬಗಳ ನಡುವಿನ ಅಂತರದಿಂದ ಅಳೆಯಬೇಕು.

ಗರ್ಭಗುಡಿಯ ಕಡೆ ನಡೆದಂತೆ ಸುಕನಾಸಿಯಲ್ಲಿ ಒಂದು ಪುಟ್ಟ ನಂದಿ ಇದೆ. ಹೊರಗಿನ ನಂದಿಯ ಮುಂದೆ ಇದು ಆಟಿಗೆಯಂತೆ ಕಾಣುತ್ತದೆ. ಆದರೆ ಇದರ ಕಲ್ಲು ಬೇರೆ: ಬೆಳಕು ಹಾಯುವ ಬಿಳಿಯ ಕಲ್ಲು. ಅರ್ಚಕರು ಹಿಂದೆ ದೀಪ ಹಿಡಿದರೆ ಮೈಯೆಲ್ಲ ಮಸುಕಾಗಿ ಹೊಳೆಯುತ್ತದೆ. ಶಾರ್ತ್ರ್‌ನ ಕೆಥೆಡ್ರಲ್ಲಿನ ಗಾಜಿನ ಕಿಟಕಿಗಳು ಸೂರ್ಯನನ್ನು ಹಿಡಿದು ಮಾಡುವ ಕೆಲಸವನ್ನು ಇಕ್ಕೇರಿ ಒಂದು ಎಣ್ಣೆದೀಪದಲ್ಲಿ, ಅಂಗೈಯಗಲದ ಬೆಳಕಿನಲ್ಲಿ ಮುಗಿಸುತ್ತದೆ.

ಗರ್ಭಗುಡಿಯೊಳಗೆ ಕಣ್ಣಿಗೆ ಹೊಡೆಯುವುದು ಲಿಂಗವಲ್ಲ, ಪೀಠ. ಕೋಣೆಯ ಮುಕ್ಕಾಲು ಪಾಲನ್ನು ಅದೇ ತುಂಬಿಕೊಂಡಿದೆ. ಸುತ್ತಲೂ ಕುಳಿತ ಭಂಗಿಯ 32 ಸ್ತ್ರೀದೇವತೆಗಳ ಕೆತ್ತನೆ. ಇಷ್ಟು ದೊಡ್ಡ ಪೀಠಕ್ಕೆ ತಕ್ಕ ಮೂರ್ತಿ ಒಂದಿತ್ತು, 32 ಕೈಗಳ ಅಘೋರೇಶ್ವರ, ಬಿಜಾಪುರದ ದಾಳಿಯಲ್ಲಿ ಅದು ಹಾಳಾಯಿತು ಎಂಬುದು ಊರಿನ ಪ್ರತೀತಿ. ಈಗ ಪೂಜೆ ನಡೆಯುವುದು ಲಿಂಗಕ್ಕೆ. ಪೀಠದ ಗಾತ್ರ ಮಾತ್ರ ಇಲ್ಲದ ಮೂರ್ತಿಯ ಲೆಕ್ಕವನ್ನು ಇಂದಿಗೂ ಒಪ್ಪಿಸುತ್ತಿದೆ. ಪಕ್ಕದಲ್ಲಿ ಪಾರ್ವತಿಗೆ ಪ್ರತ್ಯೇಕ ಗುಡಿಯುಂಟು. ಅದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ.

ಮಂಟಪದ ನೆಲಕ್ಕೆ ಮರಳಬೇಕು. ಅಲ್ಲಿ ಮೂವರು ಮನುಷ್ಯರು ಬೋರಲಾಗಿ ಮಲಗಿದ್ದಾರೆ. ಹಾಸುಗಲ್ಲಿನಲ್ಲಿ ಉಬ್ಬಿಸಿದ ಈ ಆಕೃತಿಗಳು ಕೈ ಮುಂದಕ್ಕೆ ಚಾಚಿ ದೇವರಿಗೆ ಉದ್ದಂಡ ನಮಸ್ಕಾರ ಹಾಕುತ್ತಿವೆ. ಪಕ್ಕದಲ್ಲಿ ಕನ್ನಡದಲ್ಲಿ ಹೆಸರು ಕೊರೆದಿದೆ: ಸದಾಶಿವ ನಾಯಕ, ಭದ್ರ ನಾಯಕ, ಹುಚ್ಚ ಸಂಕಣ್ಣ ನಾಯಕ. ಹಾಸುಗಲ್ಲಿನಲ್ಲಿ ನಮಸ್ಕರಿಸುವ ಭಕ್ತರ ಆಕೃತಿ ದಕ್ಷಿಣದ ಎಷ್ಟೋ ಗುಡಿಗಳಲ್ಲಿದೆ. ಇಲ್ಲಿ ವಿಶೇಷವೆಂದರೆ ಮಲಗಿರುವವರು ಆ ಸೀಮೆಯನ್ನು ಆಳಿದ ಮನೆತನದವರು, ಮತ್ತು ಅವರಲ್ಲಿ ಹುಚ್ಚ ಸಂಕಣ್ಣನ ಕೈಕಾಲಿಗೆ ಕೋಳ, ಸಂಕೋಲೆ. ಬಗ್ಗಿ ನೋಡಿದರೆ ಸಂಕೋಲೆ ಸ್ಪಷ್ಟವಾಗಿಯೇ ಕಾಣುತ್ತದೆ. ಗುಡಿಗೆ ಬರುವ ಯಾರ ಕಾಲು ಬೇಕಾದರೂ ಇವರ ಬೆನ್ನ ಮೇಲೆ ಬೀಳಬಹುದು. ಬೀಳಲಿ ಎಂದೇ ಕೆತ್ತಿಸಿದ್ದು.

ಕೆಥೆಡ್ರಲ್ಲುಗಳಲ್ಲೂ ಅರಸರು ಮಲಗಿದ್ದಾರೆ. ಸಾನ್ ದೆನಿಯಲ್ಲಿ ಫ್ರಾನ್ಸಿನ ರಾಜರಾಣಿಯರ ಕಲ್ಲಿನ ಪ್ರತಿಮೆಗಳ ಸಾಲೇ ಇದೆ. ಅವರೆಲ್ಲ ಸಮಾಧಿಯ ಮೇಲೆ ಅಂಗಾತ, ಕಿರೀಟ ಧರಿಸಿ, ಕೈ ಜೋಡಿಸಿ, ಪುನರುತ್ಥಾನದ ದಿನಕ್ಕೆ ಕಾಯುತ್ತಿರುವವರು. ಯಾತ್ರಿಕ ಅವರ ಬಳಿಯಲ್ಲಿ ಸುಳಿದು ಮುಖ ನೋಡುತ್ತಾನೆ. ಇಕ್ಕೇರಿಯ ನಾಯಕರಿಗೆ ಮುಖವೇ ಇಲ್ಲ ಎನ್ನಬಹುದು. ಅದು ನೆಲಕ್ಕೆ ತಾಗಿಕೊಂಡಿದೆ. ಕಿರೀಟವಿಲ್ಲ, ಸಮಾಧಿಯಿಲ್ಲ. ಇವರು ಸತ್ತವರಾಗಿ ಅಲ್ಲಿಲ್ಲ, ನಮಸ್ಕಾರ ಮಾಡುತ್ತಿರುವವರಾಗಿ ಇದ್ದಾರೆ. ಮನೆಯೊಳಗಿನ ಅವಮಾನವಾಗಿ ಮುಚ್ಚಿಡಬಹುದಾಗಿದ್ದ ಸಂಕೋಲೆಯನ್ನು ಹೆಸರಿನ ಸಮೇತ ದೇವರ ಮುಂದೆ ಕೊರೆಸಿದ ಮನೆತನದ ಮನೋಧರ್ಮ ಸಾಮಾನ್ಯದ್ದಲ್ಲ.

ಇದೇ ಮಂಟಪಕ್ಕೆ ಇನ್ನೊಂದು ಕೆಲಸವೂ ಇತ್ತು. ನಡುವಿನ ಕಂಬಗಳ ಅಂತರ 18 ಅಡಿ 6 ಅಂಗುಲ. ಕೆಳದಿ ಸೀಮೆಯ ಬಾಗಾಯ್ತು ಜಮೀನಿಗೆ, ಎಂದರೆ ಅಡಿಕೆ ತೋಟಗಳಿಗೆ, ಇದೇ ಅಳತೆಗೋಲು. ಆ ಉದ್ದಕ್ಕೆ ಒಂದು ಗಳ ಕತ್ತರಿಸಿ ತೋಟ ಅಳೆಯುತ್ತಿದ್ದರು. ಆ ಗಳದ ಅಳತೆಗೆ ದಾಯ ಎಂದು ಹೆಸರು. ಗಳ ಸವೆಯಬಹುದು, ಶಾನುಭೋಗ ತುಸು ಗಿಡ್ಡದೊಂದು ಕಡಿಸಿಕೊಳ್ಳಬಹುದು, ತೋಟದವನು ತನ್ನ ಅನುಕೂಲಕ್ಕೆ ತುಸು ಉದ್ದದ್ದು ಇಟ್ಟುಕೊಳ್ಳಬಹುದು. ಕಂಬಗಳು ಮಾತ್ರ ಜಾಗ ಬಿಟ್ಟು ಕದಲುವುದಿಲ್ಲ. ವ್ಯಾಜ್ಯ ಬಂದರೆ ದೇವರ ಎದುರಿನಲ್ಲೇ ಗಳ ಹಿಡಿದು ನೋಡಬಹುದು. ತೊಲೆಯ ಕಲ್ಲು ಎಷ್ಟು ಉದ್ದಕ್ಕೆ ತಾಳೀತು ಎಂದು ಲೆಕ್ಕ ಹಾಕಿ ಯಾರೋ ಬಿಟ್ಟ ಅಂತರ, ಹೀಗೆ ಒಂದು ಸೀಮೆಯ ತೋಟಗಾರಿಕೆಗೆ ಪ್ರಮಾಣವಾಯಿತು.

ಇದಕ್ಕೆ ಸರಿಜೋಡಿ ಹುಡುಕಿದರೆ ಸಿಕ್ಕುವುದು ಒಂದು ಗಾಥಿಕ್ ಚರ್ಚಿನಲ್ಲೇ. ದಕ್ಷಿಣ ಜರ್ಮನಿಯ ಫ್ರೈಬುರ್ಗ್ ಮಿನ್‌ಸ್ಟರ್‌ನ ಗೋಪುರದ ಬಾಗಿಲ ಮಂಟಪದಲ್ಲಿ ಗೋಡೆಯ ಕಲ್ಲಿಗೆ ಅಳತೆಗಳನ್ನು ಕೊರೆದಿದ್ದಾರೆ. ಬಟ್ಟೆಗೆ ಮೊಳ, ಇಟ್ಟಿಗೆಗೆ ಗಾತ್ರ, ಧಾನ್ಯಕ್ಕೆ ಬುಟ್ಟಿ, ಜೊತೆಗೆ ರೊಟ್ಟಿಯ ಸುತ್ತಳತೆ. ರೊಟ್ಟಿಯ ಗುರುತಿನ ಬಳಿ 1270, 1317, 1320 ಎಂದು ಇಸವಿಗಳೂ ಇವೆ, ಏಕೆಂದರೆ ಧಾನ್ಯದ ಬೆಲೆ ಏರಿದಾಗ ರೊಟ್ಟಿ ಕಿರಿದಾಗುತ್ತಿತ್ತು. ಸಂತೆಯ ಊರು ಅದು. ವಿಯೆನ್ನಾದ ಸಂತ ಸ್ಟೀಫನ್ ಕೆಥೆಡ್ರಲ್ಲಿನ ಬಾಗಿಲ ಪಕ್ಕದಲ್ಲಿ ಬಟ್ಟೆ ಅಳೆಯುವ ಎರಡು ಕಬ್ಬಿಣದ ಪಟ್ಟಿಗಳನ್ನು ಇಂದಿಗೂ ನೋಡಬಹುದು. ಕಣ್ಣು ಮೇಲೆತ್ತಿಸುವ ಕಟ್ಟಡವೂ ತನ್ನ ಬಾಗಿಲಲ್ಲಿ ಸಂತೆಯ ಲೆಕ್ಕವನ್ನು ಕಾಯುತ್ತಿತ್ತು. ಗಾಜಿನ ಕಿಟಕಿ ನೋಡಿ ಬರುವ ಪ್ರವಾಸಿಗಳಲ್ಲಿ ಈ ಗೀರುಗಳನ್ನು ಗಮನಿಸುವವರು ಕಡಿಮೆ. ಇಕ್ಕೇರಿಯಲ್ಲೂ ಕಂಬಗಳ ನಡುವೆ ನಿಂತು ಫೋಟೊ ತೆಗೆಸಿಕೊಳ್ಳುವವರಿಗೆ ತಾವು ನಿಂತದ್ದು ಒಂದು ಅಳತೆಗೋಲಿನ ಒಳಗೆ ಎಂಬುದು ತಿಳಿದಿರುವುದಿಲ್ಲ.

ಕೆಳದಿಯ ಹೆಸರನ್ನು ಇತಿಹಾಸದಲ್ಲಿ ಉಳಿಸಿದ್ದರಲ್ಲಿ ಯುದ್ಧದಷ್ಟೇ ಪಾಲು ಅಳತೆಯದ್ದೂ ಹೌದು. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕನ ಶಿಸ್ತು ಅದಕ್ಕೆ ಸಾಕ್ಷಿ. ಜಮೀನನ್ನು ಐದು ತರಗತಿಗಳಾಗಿ ವಿಂಗಡಿಸಿ, ಮಾದರಿ ಹೊಲಗಳ ಹನ್ನೆರಡು ವರ್ಷಗಳ ಬೆಳೆಯನ್ನು ಲೆಕ್ಕ ಹಿಡಿದು, ಉತ್ಪನ್ನದ ಮೂರರಲ್ಲಿ ಒಂದು ಪಾಲನ್ನು ಕಂದಾಯವಾಗಿ ನಿಗದಿಪಡಿಸಿದ ವ್ಯವಸ್ಥೆ ಅದು. ಗುಡಿಯ ಕಂಬದಿಂದ ತೋಟಕ್ಕೆ ಗಳ ಕೊಟ್ಟ ನಾಡಿನಲ್ಲಿ ಅದು ಹುಟ್ಟಿದ್ದು ಆಶ್ಚರ್ಯವಲ್ಲ.

ಇಕ್ಕೇರಿಗೆ ಯುರೋಪಿನಿಂದ ಬಂದ ಯಾತ್ರಿಕನ ವೃತ್ತಾಂತವೊಂದು ಉಳಿದಿದೆ. ರೋಮಿನ ಶ್ರೀಮಂತ ಪಿಯೆತ್ರೊ ದೆಲ್ಲಾ ವಾಲೆ 1614ರಲ್ಲಿ ವೆನಿಸ್ ಬಿಟ್ಟು, ತುರ್ಕಿ, ಪರ್ಷಿಯಾ ಸುತ್ತಿ, 1623ರ ಕೊನೆಗೆ ಗೋವೆಯಿಂದ ಪೋರ್ಚುಗೀಸ್ ರಾಯಭಾರದ ಜೊತೆ ಇಲ್ಲಿಗೆ ಬಂದ. ಇಕ್ಕೇರಿ ಆಗ ಕೆಳದಿಯವರ ರಾಜಧಾನಿ, ಆಳುತ್ತಿದ್ದವನು ವೆಂಕಟಪ್ಪ ನಾಯಕ. ಪೋರ್ಚುಗೀಸರಿಗೆ ಬೇಕಾಗಿದ್ದದ್ದು ಮಲೆನಾಡಿನ ಮೆಣಸು. ದೆಲ್ಲಾ ವಾಲೆಗೆ ಬೇಕಾಗಿದ್ದದ್ದು ನೋಡುವ ಸುಖ. ಹೊನ್ನಾವರದಿಂದ ನದಿಯಲ್ಲಿ ಗೇರುಸೊಪ್ಪೆ, ಅಲ್ಲಿಂದ ಘಟ್ಟ ಹತ್ತಿ ಸಾಗರ, ಇಕ್ಕೇರಿ ಎಂಬುದು ಅವನ ದಾರಿ. ನೇಪಲ್ಸಿನ ಗೆಳೆಯನಿಗೆ ಬರೆದ ಕಾಗದಗಳಲ್ಲಿ ಕಂಡದ್ದನ್ನೆಲ್ಲ ತುಂಬಿದ್ದಾನೆ.

ಘಟ್ಟದ ಮೇಲಿನ ಒಂದು ಗುಡಿಯ ಜಗಲಿಯಲ್ಲಿ ಅವನು ನಾಲ್ವರು ಹುಡುಗರನ್ನು ಕಂಡ. ನೆಲದ ಮೇಲೆ ಮರಳು ಹರಡಿಕೊಂಡು, ಒಬ್ಬ ರಾಗವಾಗಿ ಪಾಠ ಹೇಳುತ್ತ ಬೆರಳಿನಿಂದ ಬರೆಯುತ್ತಿದ್ದ, ಉಳಿದವರೂ ಹಾಡುತ್ತ ಬರೆಯುತ್ತಿದ್ದರು. ಮರಳು ತುಂಬಿದರೆ ಅಳಿಸಿ ಮತ್ತೆ ಹರಡುವುದು. ಗುರುವಿಲ್ಲದೆ ತಪ್ಪಿದರೆ ತಿದ್ದುವವರು ಯಾರು ಎಂದು ಅವನು ಕೇಳಿದ. ನಾಲ್ವರೂ ಒಂದೇ ಜಾಗದಲ್ಲಿ ಮರೆಯುವುದು ಸಾಧ್ಯವಿಲ್ಲ, ಒಬ್ಬ ಮರೆತರೆ ಇನ್ನೊಬ್ಬ ತಿದ್ದುತ್ತಾನೆ ಎಂಬ ಅರ್ಥದ ಉತ್ತರ ಬಂತು. ಇಡೀ ರಾಯಭಾರದ ಕಲಾಪಕ್ಕಿಂತ ಈ ಪುಟವೇ ಇಂದು ಓದಿಸಿಕೊಳ್ಳುತ್ತದೆ.

ಇಕ್ಕೇರಿ ಅವನ ಕಣ್ಣಿಗೆ ಬೀದಿಗಳು ಅಗಲವಾದ, ಮನೆಗಳು ಅಷ್ಟೇನೂ ಚೆನ್ನಾಗಿಲ್ಲದ ದೊಡ್ಡ ಊರಾಗಿ ಕಂಡಿತು. ರಾತ್ರಿ ಹೆಂಗಸರು ಬಣ್ಣದ ಕೋಲು ಹಿಡಿದು ಸುತ್ತುಗಟ್ಟಿ ಕುಣಿಯುವುದನ್ನು, ದೇವರ ಉತ್ಸವವನ್ನು ಅವನು ವಿವರವಾಗಿ ಬರೆದಿದ್ದಾನೆ. ಮರೆಯಲಾಗದ್ದು ಒಬ್ಬ ನಗಾರಿಯವನ ವಿಧವೆಯ ಪ್ರಸಂಗ. ಗಂಡನ ಚಿತೆ ಏರಲು ನಿರ್ಧರಿಸಿದ್ದ ಆಕೆಯ ಮನೆಗೆ ಹೋಗಿ, ದುಭಾಷಿಗಳ ಮೂಲಕ ಮಾತಾಡಿ, ಬೇಡವೆಂದು ಹೇಳಿ ನೋಡಿದ. ಆಕೆ ಬಗ್ಗಲಿಲ್ಲ. ಆಕೆಯ ಹೆಸರನ್ನು ತನ್ನ ದೇಶದಲ್ಲಿ ಉಳಿಸುತ್ತೇನೆ ಎಂದು ಮಾತು ಕೊಟ್ಟ, ಕೊಟ್ಟಂತೆ ಬರೆದ. ಇಟಾಲಿಯನ್ ಕಾಗುಣಿತದಲ್ಲಿ ಉಳಿದ ಆ ಹೆಸರು ಜಕ್ಕಮ್ಮ ಇದ್ದಿರಬೇಕು. ದೆಲ್ಲಾ ವಾಲೆಯ ಸ್ವಂತ ಹೆಂಡತಿ ಮಾನಿ ಪರ್ಷಿಯಾದಲ್ಲಿ 1621ರಲ್ಲಿ ತೀರಿಕೊಂಡಿದ್ದಳು. ಆಕೆಯ ದೇಹವನ್ನು ಕೆಡದಂತೆ ಪೆಟ್ಟಿಗೆಯಲ್ಲಿಟ್ಟು ದೇಶದಿಂದ ದೇಶಕ್ಕೆ ಸಾಗಿಸಿ, ವರ್ಷಗಳ ಮೇಲೆ ರೋಮಿಗೆ ಮುಟ್ಟಿಸಿ ಮಣ್ಣು ಮಾಡಿದವನು ಅವನು. ಸಾವು ಬೇಡವೆಂದು ಆ ಹೆಂಗಸಿಗೆ ಹೇಳಿದ ಮಾತನ್ನು ಈ ಸಂಗತಿಯ ಜೊತೆಗಿಟ್ಟು ಓದಬೇಕು.

ಅವನು ಕಂಡ ರಾಜಧಾನಿ ಹೆಚ್ಚು ದಿನ ಬಾಳಲಿಲ್ಲ. ವೀರಭದ್ರ ನಾಯಕನ ಕಾಲದಲ್ಲಿ, 1637ರ ಆಸುಪಾಸಿನಲ್ಲಿ, ಬಿಜಾಪುರದ ರಣದುಲ್ಲಾ ಖಾನ್ ಇಕ್ಕೇರಿಯ ಮೇಲೆ ಏರಿಬಂದ. ಬಯಲಿಗೆ ಹತ್ತಿರವಾದ ಊರು ಇನ್ನು ಸುರಕ್ಷಿತವಲ್ಲ ಎಂದುಕೊಂಡ ನಾಯಕರು ಕಾಡು ಬೆಟ್ಟಗಳ ನಡುವಿನ ಬಿದನೂರಿಗೆ, ಇಂದಿನ ಹೊಸನಗರ ತಾಲ್ಲೂಕಿನ ನಗರಕ್ಕೆ, ರಾಜಧಾನಿಯನ್ನು ಸಾಗಿಸಿದರು. ಟಂಕಸಾಲೆಯೂ ಹೊರಟುಹೋಯಿತು. ಆದರೆ ಬಿದನೂರಿನಲ್ಲಿ ಅಚ್ಚಾದ ವರಹವನ್ನೂ ಜನ ಇಕ್ಕೇರಿ ವರಹ ಎಂದೇ ಕರೆದರು. 1801ರಲ್ಲಿ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲಿ ಸಂಚರಿಸುವ ಹೊತ್ತಿಗೆ ಇಕ್ಕೇರಿ ಪಟ್ಟಣ ಅಳಿದಿತ್ತು, ನಾಣ್ಯದ ಹೆಸರು ಚಲಾವಣೆಯಲ್ಲೇ ಇತ್ತು.

ಇಕ್ಕೇರಿ ನೋಡಿದವರು ಸಾಮಾನ್ಯವಾಗಿ ಸಾಗರದ ಇನ್ನೊಂದು ಮಗ್ಗುಲಿನ ಕೆಳದಿಗೂ ಹೋಗುತ್ತಾರೆ. ಮೊದಲ ರಾಜಧಾನಿಯ ರಾಮೇಶ್ವರ, ವೀರಭದ್ರ ಗುಡಿಗಳು ಅಲ್ಲಿವೆ. ವೀರಭದ್ರ ಗುಡಿಯ ಮೇಲ್ಛಾವಣಿಯ ಗಂಡಭೇರುಂಡಕ್ಕಾಗಿ ಕತ್ತೆತ್ತಲೇಬೇಕು. ದಕ್ಷಿಣದ ದಾರಿ ಹಿಡಿದರೆ ಹೊಸನಗರ ತಾಲ್ಲೂಕಿನ ಹುಂಚದಲ್ಲಿ ಸಾಂತರರ ಚಟ್ಟಲದೇವಿ 1077ರಲ್ಲಿ ಕಟ್ಟಿಸಿದ ಪಂಚಕೂಟ ಬಸದಿ. ಇಕ್ಕೇರಿಗಿಂತ ಸುಮಾರು 500 ವರ್ಷ ಹಿರಿದಾದ ಅದಕ್ಕೆ ಬೇರೆಯೇ ಒಂದು ದಿನ ಬೇಕು. ನಗರದ ಕೋಟೆ, ದೇವಗಂಗೆಯ ಕೊಳ ನೋಡಿ ತೀರ್ಥಹಳ್ಳಿ ತಾಲ್ಲೂಕಿಗೆ ಇಳಿದರೆ ಕವಲೇದುರ್ಗ. ಸುತ್ತಿನ ಮೇಲೆ ಸುತ್ತಾಗಿ ಏರುವ ಕೋಟೆ, ಕಾಶಿ ವಿಶ್ವನಾಥನ ಗುಡಿಯ ಮುಂದೆ ಎರಡು ನೀಳ ಕಂಬಗಳು, ಅವುಗಳಾಚೆ ನಾಯಕರ ಅರಮನೆಯ ಬರಿಯ ತಳಪಾಯ.

ಆ ತಳಪಾಯದಲ್ಲಿ ಕೋಣೆಗಳ ಗುರುತಿದೆ, ಮೆಟ್ಟಿಲಿದೆ, ನೀರಿನ ವ್ಯವಸ್ಥೆಯಿದೆ, ಮೇಲಿನದೇನೂ ಇಲ್ಲ. ಇಕ್ಕೇರಿಯಲ್ಲೂ ದೆಲ್ಲಾ ವಾಲೆ ವೆಂಕಟಪ್ಪನನ್ನು ಕಂಡ ಅರಮನೆ ಉಳಿದಿಲ್ಲ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯ ದಾಳಿಯನ್ನಷ್ಟೇ ಇದಕ್ಕೆ ಹೊಣೆ ಮಾಡಿದರೆ ಸಾಲದು. ಕೆಳದಿಯ ಅರಸರು ಸೀಮೆಯ ಒಕ್ಕಲಿಗರಂತೆಯೇ ಮಣ್ಣಿನ ಗೋಡೆ, ಮರದ ಕಂಬಗಳ ಮನೆಯಲ್ಲಿ ಬಾಳಿದವರು. ಅವರದ್ದು ದೊಡ್ಡದು, ಕೆತ್ತನೆ ಹೆಚ್ಚು, ಅಷ್ಟೆ. ಗೋಡೆಯಿಂದ ಸೂರಿನವರೆಗೆ ಕಲ್ಲಿನದೇ ಕಟ್ಟಡವನ್ನು ಅವರು ಕಟ್ಟಿಸಿದ್ದು ದೇವರಿಗೆ. ಮಳೆ, ಗೆದ್ದಲು, ಬೆಂಕಿ ಮೂರಕ್ಕೂ ಸಿಕ್ಕುವ ಅರಮನೆಗಳು ಹೋದವು. ಮೂರು ತಾಲ್ಲೂಕುಗಳಲ್ಲಿ ಪ್ರವಾಸಿಗೆ ಇಂದು ಕೆಳದಿಯವರ ಗುಡಿಗಳೂ ಕೋಟೆಗೋಡೆಗಳೂ ಸಿಕ್ಕುತ್ತವೆ; ಅವರು ಉಂಡು ಮಲಗಿದ ಒಂದು ಕೋಣೆಯೂ ಇಡಿಯಾಗಿ ಸಿಕ್ಕುವುದಿಲ್ಲ.